ರೊಟ್ಟಿ ಬಡಿದಾಕಿಯ ಊಟ

ಹಂಚಿನ ಮೇಲಿನ ಬಿಸಿ ರೊಟ್ಟಿಯ ಮುಂದೆ ಇನ್ಯಾವ ಊಟವೂ ಇಲ್ಲ ಎನ್ನುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ರೊಟ್ಟಿ ಬಡಿದವರಲ್ಲ. ಹಂಚಿನಿಂದ ನೆಟ್ಟಗೆ ತಾಟಿಗೆ ರೊಟ್ಟಿ ಬೀಳಬೇಕಾದರೆ ಒಲೆಯ ಮುಂದೆ ಯಾರಾದರೂ ಕೂತಿರಲೇಬೇಕು. ವಿಜಾಪುರ ಜಿಲ್ಲೆಯ ನಮ್ಮ ಮನೆತನಗಳಲ್ಲಿ ಹಾಗೆ ಕೂತವರು ಅವ್ವ, ಅತ್ತಿ, ಆಮೇಲೆ ನಾನು. ಗಂಡಸರು ಉಂಡು, ಹುಡುಗರು ಉಂಡು, ಬಂದ ಬೀಗರು ಉಂಡು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ, ರೊಟ್ಟಿ ಬಡಿದವಳ ಪಾಲಿಗೆ ಉಳಿಯುವುದು ಕಡೆಯ ಉಂಡೆಯ ದಪ್ಪ ರೊಟ್ಟಿ ಮತ್ತು ತಳದ ಬ್ಯಾಳಿ. ಇದನ್ನು ದೂರು ಎಂದು ಬರೆಯುತ್ತಿಲ್ಲ. ನಾಗಪುರಕ್ಕೆ ಹೋಗುವತನಕ ಇದು ದೂರು ಹೇಳಬಹುದಾದ ಸಂಗತಿ ಎಂದೇ ನನಗೆ ಗೊತ್ತಿರಲಿಲ್ಲ.

ನಾವು ಹೊರಟದ್ದು 1981ರಲ್ಲಿ, ಮಳೆ ಹಿಡಿದ ಮೇಲೆ. ಇವರು, ನಮ್ಮ ಮನೆಯವರು, ಧಾರವಾಡದ ಕೃಷಿ ಕಾಲೇಜಿನಲ್ಲಿ ಓದಿದವರು. ಆ ಕಾಲದಲ್ಲಿ ಧಾರವಾಡದವರಿಗೆ ಹತ್ತಿಯೆಂದರೆ ಎದೆ ಉಬ್ಬುತ್ತಿತ್ತು, ಡಾ. ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿಯನ್ನು ಹೊರತಂದದ್ದು 1972ರಲ್ಲಿ. ನಾಗಪುರದಲ್ಲಿ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಶುರುವಾದದ್ದು 1976ರಲ್ಲಿ. ಹತ್ತಿ ಓದಿದ ಹುಡುಗರು ಹತ್ತಿಯ ಬೆನ್ನು ಹಿಡಿದು ಅತ್ತ ಹೋಗುವುದು ಹೊಸದೇನಲ್ಲ, ಇವರಿಗೂ ಆ ಊರಲ್ಲೇ ಕೆಲಸ ಸಿಕ್ಕಿತು. ವಿಜಾಪುರದಿಂದ ಮೀಟರ್ ಗೇಜ್ ಗಾಡಿಯಲ್ಲಿ ಸೋಲಾಪುರ, ಅಲ್ಲಿಂದ ದೊಡ್ಡ ಗಾಡಿಯಲ್ಲಿ ಸಿಕಂದರಾಬಾದ್, ಅಲ್ಲಿ ದಕ್ಷಿಣ ಎಕ್ಸ್‌ಪ್ರೆಸ್ ಹತ್ತಿದರೆ ಕಾಜಿಪೇಟೆ, ಬಲ್ಹಾರಶಾ ದಾಟಿ ನಾಗಪುರ. ಟ್ರಂಕಿನ ಜೋಡಿ ಅವ್ವ ಒಂದು ಕಬ್ಬಿಣದ ಹಂಚನ್ನೂ ಒಂದು ಚೀಲ ಜೋಳವನ್ನೂ ಕಟ್ಟಿದ್ದಳು. ಇವರು ನಕ್ಕರು. “ಅಲ್ಲೆ ಜ್ವಾಳ ಸಿಗೂದಿಲ್ಲೇನ್ರಿ ಅತ್ತಿ?”

“ಸಿಗತಾವಪ್ಪ. ನಮ್ಮ ಜ್ವಾಳ ಸಿಗತಾವೇನು?” ಎಂದಳು ಅವ್ವ.

ಅವ್ವನ ಮಾತು ಎಷ್ಟು ಖರೆ ಎಂದು ಚೀಲ ಬರಿದಾದ ಮೇಲೆ ತಿಳಿಯಿತು. ನಮ್ಮ ಕಡೆಯದು ಮಾಲದಂಡಿ, ಹಿಂಗಾರಿ ಬೆಳೆ. ಮಳೆಗಾಲ ಮುಗಿಯುವ ಹೊತ್ತಿಗೆ ಎರೆಹೊಲಕ್ಕೆ ಬಿತ್ತಿದರೆ ನೆಲದೊಳಗಿನ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ಕುಡಿದು ಬೆಳೆಯುತ್ತದೆ. ತೆನೆ ಬಲಿಯುವಾಗ ಮಳೆ ಇರುವುದಿಲ್ಲ, ಹಾಗಾಗಿ ಕಾಳು ಮುತ್ತಿನಂತೆ ಬೆಳ್ಳಗೆ. ವಿದರ್ಭದ ಪೇಟೆಯಲ್ಲಿ ಆಗ ಸಿಗುತ್ತಿದ್ದದ್ದು ಬಹುಪಾಲು ಮುಂಗಾರಿ ಹೈಬ್ರಿಡ್ ಜೋಳ. ತೆನೆಯ ಮೇಲೆ ಮಳೆ ಬಿದ್ದರೆ ಬೂಸಲು ಹಿಡಿದು ಕಾಳು ಕಪ್ಪಾಗುತ್ತದೆ. ಅದರ ಹಿಟ್ಟಿನಲ್ಲಿ ನಾನು ಬಡಿಯುತ್ತಿದ್ದ ರೊಟ್ಟಿ ಅಂಗೈಯಗಲ ಆಗುವುದರೊಳಗೆ ಅಂಚು ಸೀಳುತ್ತಿತ್ತು, ಎತ್ತಿ ಹಂಚಿಗೆ ಹಾಕುವಾಗ ಎರಡು ಹೋಳು.

ಪಕ್ಕದ ಮನೆಯ ಕಾಕೂ ವರ್ಧಾ ಜಿಲ್ಲೆಯ ಹಳ್ಳಿಯವರು. ನನ್ನ ಅಡುಗೆಮನೆಯ ಕಿಟಕಿ, ಅವರ ಹಿತ್ತಲು ಎದುರುಬದುರು. ನನ್ನ ಒದ್ದಾಟ ನೋಡಲಾರದೆ ಒಂದು ಮುಂಜಾನೆ ಒಳಗೆ ಬಂದು ಪರಾತವನ್ನು ತಮ್ಮ ಕಡೆ ಎಳೆದುಕೊಂಡರು. ನೀರು ಮರಳುವ ತನಕ ಕಾಯಿಸಿ, ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದು, ಕಟ್ಟಿಗೆಯ ಹುಟ್ಟಿನಿಂದ ಕಲಸಿ ಮುಚ್ಚಿಟ್ಟರು. ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರು. ಎಸರು ಹಾಕಿ ನಾದುವುದು ನಮ್ಮಲ್ಲೂ ಗೊತ್ತಿದ್ದದ್ದೇ. ಆದರೆ ಒಳ್ಳೆಯ ಜೋಳದ ನಾಡಲ್ಲಿ ಬೆಳೆದವಳಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದರ ಪಿಷ್ಟವನ್ನು ಬಿಸಿನೀರಲ್ಲಿ ಅರೆಬೇಯಿಸಿದಾಗ ಮಾತ್ರ ಹಿಟ್ಟು ಒಂದಾಗಿ ಹಿಡಿಯುತ್ತದೆ. ಈ ವಿವರಣೆ ಆಮೇಲೆ ಇವರು ಕೊಟ್ಟದ್ದು. ಕಾಕೂ ಇಷ್ಟೇ ಹೇಳಿದ್ದು: “ಹಿಟ್ಟಿಗೂ ಸ್ವಲ್ಪ ಕಷ್ಟ ಕೊಡಬೇಕು ಪೋರೀ, ಎಲ್ಲಾ ಕಷ್ಟ ನೀನೇ ಪಡಬಾರದು.”

ಅವತ್ತಿನಿಂದ ಎರಡು ಅಡುಗೆಮನೆಗಳ ನಡುವೆ ಬಟ್ಟಲುಗಳ ಓಡಾಟ ಶುರುವಾಯಿತು. ಪರವೂರಿನ ಊಟ ಎಂದು ಅಂಜಿಕೊಂಡು ಹೋಗಿದ್ದ ನನಗೆ ಬೆರಗಾದದ್ದು ಈಗ. ಕಾಕೂ ಮನೆಯಿಂದ ಬಂದ ಅಂಬಾಡಿ ಭಾಜಿ ನಮ್ಮ ಪುಂಡಿಪಲ್ಯವೇ. ಅದೇ ಹುಳಿಸೊಪ್ಪು, ಅದರೊಳಗೆ ಅದೇ ಜೋಳದ ನುಚ್ಚು, ಮೇಲೆ ಅದೇ ಬೆಳ್ಳುಳ್ಳಿ ಒಗ್ಗರಣೆ. ಅವರ ಜವಸ ಚಟ್ನಿ ನಮ್ಮ ಅಗಸಿ ಹಿಂಡಿ. ಅವರ ಭರಲಿ ವಾಂಗಿ ನಮ್ಮ ಎಣ್ಣೆಗಾಯಿಯ ದಾಯಾದಿ, ಮಸಾಲೆ ಮಾತ್ರ ಒಂದು ಕೈ ಮುಂದೆ. ಝುಣಕವಂತೂ ಎರಡೂ ಕಡೆ ಝುಣಕವೇ. ರಾಜ್ಯದ ಗಡಿಗಳನ್ನು 1956ರಲ್ಲಿ ಭಾಷೆ ನೋಡಿ ಎಳೆದರು. ಎರೆಮಣ್ಣು ನೋಡಿ ಎಳೆದಿದ್ದರೆ ವಿಜಾಪುರ, ಸೋಲಾಪುರ, ವರ್ಧಾ ಎಲ್ಲ ಒಂದೇ ಜಿಲ್ಲೆಯ ತಾಲೂಕುಗಳಾಗುತ್ತಿದ್ದವೋ ಏನೋ. ಕರಿನೆಲ ಇದ್ದಲ್ಲಿ ಜೋಳ, ಅಗಸಿ, ಹತ್ತಿ, ತೊಗರಿ. ಅವಿದ್ದಲ್ಲಿ ಈ ಊಟ. ನಾಗಪುರದವರದೇ ಎನ್ನುವಂಥವೂ ಇದ್ದವು, ಇಲ್ಲವೆಂದಲ್ಲ. ಮುಂಜಾನೆಯ ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಸಾರು ಸುರಿದು ಕೊಡುವ ತರ್ರಿ ಪೋಹೆ, ಕೊತ್ತಂಬರಿ ತುಂಬಿದ ಸಾಂಬಾರವಡಿ, ನೇಕಾರ ಹಲಬಾ ಕೋಷ್ಟಿಗಳ ಓಣಿಗಳಿಂದ ಬಂದ ಸಾವಜಿ ಖಾರ. ಕೊನೆಯದನ್ನು ನಾನು ಮೂಗಿನಿಂದಷ್ಟೇ ಬಲ್ಲೆ. ಆ ಓಣಿಯಲ್ಲಿ ಹಾದುಹೋದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಇನ್ನು ಬಂದವರ ಕತೆ. ನಾಗಪುರ ನಕ್ಷೆಯಲ್ಲಿ ದೇಶದ ನಟ್ಟನಡುವೆ ಇದೆ. ಉತ್ತರಕ್ಕೆ ಹೋಗುವವರಿಗೂ ದಕ್ಷಿಣಕ್ಕೆ ಬರುವವರಿಗೂ ಅದು ದಾರಿಯ ಊರು. ಅಲ್ಲೊಂದು ಕನ್ನಡದವರ ಮನೆ ಇದೆ ಎಂದು ಗೊತ್ತಾದರೆ ಸಾಕು, ಪತ್ರವೂ ಇಲ್ಲದೆ ಜನ ಬರುತ್ತಿದ್ದರು. ಎಂಜಿನಿಯರಿಂಗ್ ಕಾಲೇಜಿಗೆ ಸೇರಲು ಬಂದ ಹುಡುಗ ಮತ್ತು ಅವನ ಅಪ್ಪ, ಕಾಶಿಗೆ ಹೊರಟ ಮುದುಕರು, ಹತ್ತಿಯ ಸಭೆಗೆ ಬಂದ ಧಾರವಾಡದವರು. ಡಿಸೆಂಬರ್ ಬಂದರೆ ಬೇರೆಯೇ ಗದ್ದಲ. 1953ರ ನಾಗಪುರ ಒಪ್ಪಂದದ ಫಲವಾಗಿ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ ಅಲ್ಲೇ ನಡೆಯುತ್ತದೆ. ರಾಜ್ಯದ ಮೂಲೆಮೂಲೆಯಿಂದ ಮೋರ್ಚಾ, ಮನವಿ, ಅರ್ಜಿ. ಆ ಜನರೊಳಗೆ ಸಾಂಗ್ಲಿ ಜಿಲ್ಲೆಯ ಜತ್ತದವರು, ಸೋಲಾಪುರ ಜಿಲ್ಲೆಯ ಅಕ್ಕಲಕೋಟೆಯವರೂ ಇರುತ್ತಿದ್ದರು. ಮನೆಮಾತು ಕನ್ನಡ, ಸರಕಾರ ಮರಾಠಿ. ಮಹಾಜನ ಆಯೋಗ 1967ರಲ್ಲಿ ಆ ಸೀಮೆಯನ್ನು ಕರ್ನಾಟಕಕ್ಕೆ ಕೊಡಬೇಕೆಂದದ್ದು ಕಾಗದದಲ್ಲೇ ಉಳಿದಿತ್ತು. ಕುಡಿಯುವ ನೀರಿಗೂ ಕನ್ನಡ ಶಾಲೆಯ ಮಾಸ್ತರಿಗೂ ಅವರು ನಾಗಪುರದ ತನಕ ಬಂದು ಕೈಮುಗಿಯಬೇಕಿತ್ತು. ಕೈಮುಗಿದು ಬಂದವರಿಗೆ ನಮ್ಮ ಮನೆಯಲ್ಲಿ ಊಟ.

ಅಂಥ ಒಂದು ರಾತ್ರಿ ನೆನಪಿದೆ. ಪಡಸಾಲೆಯ ತುಂಬ ಜನ, ನೆಲದ ಮೇಲೆ ಗೋಣಿತಟ್ಟು, ಅದರ ಮೇಲೆ ಸಾಲು ತಾಟು. ನನಗೆ ಆಗ ಗ್ಯಾಸ್ ಸಿಕ್ಕಿರಲಿಲ್ಲ, ಹೆಸರು ಬರೆಸಿ ಕಾಯುತ್ತಿದ್ದೆವು. ಸೀಮೆಎಣ್ಣೆಯ ಪಂಪ್ ಸ್ಟೋವಿನ ಮುಂದೆ ಒಂದೊಂದಾಗಿ ಬಡಿದು ಕೊಡುತ್ತಿದ್ದೆ, ಇವರು ಓಡಾಡಿ ಬಡಿಸುತ್ತಿದ್ದರು. ಹೊರಗಿನಿಂದ ಮಾತು ಕೇಳುತ್ತಿತ್ತು. ಯಾವ ಮಂತ್ರಿ ಏನಂದರು, ಯಾರ ಅರ್ಜಿ ಯಾವ ಮೇಜಿಗೆ ಹೋಯಿತು, ಜತ್ತದ ಕೆರೆಗಳು ಹೇಗೆ ಒಣಗಿವೆ. ನಡುನಡುವೆ ನಗು. ನಾಗಪುರಕ್ಕೆ ಬಂದು ಕನ್ನಡದ ಮಾತಿಗೆ ಹಸಿದಿದ್ದವಳು ನಾನು. ಮನೆತುಂಬ ಕನ್ನಡ ಇದ್ದಾಗ ನನ್ನ ಕಿವಿಗೆ ಬೀಳುತ್ತಿದ್ದದ್ದು ಸ್ಟೋವಿನ ಸದ್ದು. ಎಲ್ಲರೂ ಎದ್ದ ಮೇಲೆ ಜತ್ತದ ಮಾಸ್ತರರ ಹೆಂಡತಿ ಒಳಗೆ ಬಂದು ನನ್ನ ಎದುರು ಕೂತರು. ಅವರೂ ಗಂಡಸರ ಜೋಡಿ ಮೋರ್ಚಾಕ್ಕೆ ಬಂದಿದ್ದವರು. “ರೊಟ್ಟಿ ಭಾಳ ಛಲೋ ಆಗಿದ್ವು ತಂಗಿ. ನೀ ಯಾವಾಗ ಉಣ್ಣಾಕಿ?” ಎಂದರು. ಆ ತನಕ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ, “ಆತು, ಇನ್ನೇನು” ಎಂದೆ.

ಉತ್ತರ ತಂದವರು ನಮ್ಮ ಅತ್ತಿ. ಬಾಣಂತನಕ್ಕೆಂದು ಬಂದವರು ಮನೆಯ ಈ ಗದ್ದಲ ನೋಡಿದರು. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಹೇಳಿದರು: “ಬಿಸಿ ರೊಟ್ಟಿ ಮಾಡಾಕಿ ಗಾಣದ ಎತ್ತು ಇದ್ದಂಗ, ತಿರಗೂದ ಅಷ್ಟ. ಖಡಕ್ ರೊಟ್ಟಿ ಮಾಡಿಟ್ಟಾಕಿ ಗೌಡ್ತಿ. ನೀ ಗೌಡ್ತಿ ಆಗು.” ಮನೆಯಲ್ಲಿ ಜನ ಕಡಿಮೆ ಇದ್ದ ಒಂದು ಮಧ್ಯಾಹ್ನ ಒಲೆ ಹೂಡಿಸಿದರು.

ಖಡಕ್ ರೊಟ್ಟಿಯ ಗುಟ್ಟು ದೊಡ್ಡದೇನಲ್ಲ. ಹಿಟ್ಟು ಹೊಸದಾಗಿ ಬೀಸಿದ್ದಿರಬೇಕು. ಹಳತಾದಷ್ಟೂ ಜಿಗುಟು ಹೋಗುತ್ತದೆ. ಎಸರು ಹಾಕಿ ಚೆನ್ನಾಗಿ ನಾದಿ, ಬಿಸಿ ರೊಟ್ಟಿಗಿಂತ ತೆಳ್ಳಗೆ ಬಡಿಯಬೇಕು. ದಪ್ಪ ಉಳಿದ ಜಾಗ ಒಣಗುವುದಿಲ್ಲ, ಅಲ್ಲಿಂದಲೇ ಬೂಸಲು ಶುರು. ಹಂಚಿಗೆ ಹಾಕಿ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ನೀರು ಆರಿದ ಕೂಡಲೆ ತಿರುವಿ, ಎರಡೂ ಮೈ ಬೇಯಿಸುವತನಕ ಎಲ್ಲಾ ಮಾಮೂಲು. ಆಮೇಲೆ ಉರಿ ಸಣ್ಣ ಮಾಡಿ ಅರಿವೆಯಿಂದ ಅಂಚುಗಳನ್ನು ಒತ್ತುತ್ತ, ನೀರಿನಂಶ ಪೂರ್ತಿ ಹೋಗುವತನಕ ಒಣಗಿಸಬೇಕು. ಕಟ್ಟಿಗೆ ಒಲೆಯಾದರೆ ಇನ್ನೂ ಸುಲಭ. ಬೆಂದ ರೊಟ್ಟಿಯನ್ನು ಒಲೆಯ ಬದಿಗೆ ನಿಲ್ಲಿಸಿದರೆ ಕಾವಿಗೆ ತಾನೇ ಬಿರುಸಾಗುತ್ತದೆ. ಪೂರ್ತಿ ಆರಿದ ಮೇಲೆ ಒಂದರ ಮೇಲೊಂದು ಬುಟ್ಟಿಯಲ್ಲಿಟ್ಟು ಬಿಳಿ ಅರಿವೆ ಮುಚ್ಚಿದರೆ ವಾರಗಟ್ಟಲೆ ಕೆಡುವುದಿಲ್ಲ. ಸಜ್ಜೆಯದಾದರೆ ಮೇಲೆ ಎಳ್ಳು. ನಾಗಪುರದ ಮೇ ತಿಂಗಳು 45 ಡಿಗ್ರಿ ದಾಟಿದಾಗ, ಬೇರೆ ಅಡುಗೆ ಮಧ್ಯಾಹ್ನಕ್ಕೇ ಹಳಸುತ್ತಿತ್ತು. ಈ ರೊಟ್ಟಿಗೆ ಮಾತ್ರ ಆ ಬಿಸಿಲು ಸೇವೆ ಮಾಡುತ್ತಿತ್ತು.

ಆಮೇಲೆ ನಮ್ಮ ಮನೆಯ ಪದ್ಧತಿಯೇ ಬದಲಾಯಿತು. ಬುಟ್ಟಿಯಲ್ಲಿ ರೊಟ್ಟಿ, ಡಬ್ಬಿಗಳಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ. ಯಾರೇ ಬರಲಿ, ಒಂದು ಕಾಳಿನ ಪಲ್ಯ ಅಥವಾ ಬದನೆಕಾಯಿ, ಒಂದು ಗಡಿಗೆ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು. ಎಲ್ಲವನ್ನೂ ನಡುವೆ ಇಟ್ಟು ನಾನೂ ತಾಟು ಹಾಕಿಕೊಂಡು ಕೂರುತ್ತಿದ್ದೆ. ಮೊದಮೊದಲು ಕೆಲವು ಹಿರಿಯರು ಮುಜುಗರಪಟ್ಟರು. ಒಬ್ಬರಂತೂ “ಬಿಸಿ ರೊಟ್ಟಿ ಇಲ್ಲೇನವಾ?” ಎಂದು ನೇರವಾಗಿ ಕೇಳಿದರು. ಅತ್ತಿ ಒಳಗಿನಿಂದಲೇ, “ಅದಾವ್ರಿ, ಹಿಟ್ಟು ಪರಾತದಾಗ ಐತಿ, ಹಂಚು ಒಲಿ ಮ್ಯಾಲ ಐತಿ, ಬರ್ರಿ” ಎಂದರು. ಅವರು ಖಡಕ್ ರೊಟ್ಟಿಯನ್ನೇ ಮುರಿದುಕೊಂಡರು.

ಬಿಸಿ ರೊಟ್ಟಿಯ ರುಚಿಯನ್ನು ನಾನು ಹೀಗಳೆಯುವುದಿಲ್ಲ. ಬೆಣ್ಣೆ ಹಚ್ಚಿದ ಬಿಸಿ ಜೋಳದ ರೊಟ್ಟಿಗೆ ಎದುರು ನಿಲ್ಲುವಂಥದು ಅಪರೂಪ. ಆದರೆ ಅತಿಥಿ ಸತ್ಕಾರದ ಹೆಸರಲ್ಲಿ ಒಬ್ಬಳು ಮನುಷ್ಯಳನ್ನು ಸಭೆಯ ಹೊರಗಿಡುವ ರೊಟ್ಟಿ ಅದು. ಯಾವ ರೊಟ್ಟಿ ಸುಲಭ ಎಂದು ಈಗ ಯಾರಾದರೂ ಕೇಳಿದರೆ, ಅಳತೆ ನೋಡಿ ಹೇಳುವುದಿಲ್ಲ, ಹೊತ್ತು ನೋಡಿಯೂ ಹೇಳುವುದಿಲ್ಲ. ಮಾಡಿದಾಕಿ ಎಲ್ಲರ ಜೋಡಿ ಕೂತು ಉಣ್ಣಲು ಆದರೆ ಅದು ಸುಲಭದ ರೊಟ್ಟಿ.

ಈ ಲೆಕ್ಕದಲ್ಲಿ ವಿದರ್ಭದವರು ನಮಗಿಂತ ಒಂದು ಹೆಜ್ಜೆ ಮುಂದೆ ಇದ್ದರು. ಅವರ ರೋಡಗೆ ಮೊದಲು ಕಂಡದ್ದು ಕಾಟೋಲ ಕಡೆಯ ಒಂದು ಕಿತ್ತಳೆ ತೋಟದಲ್ಲಿ. ಇವರ ಸಹೋದ್ಯೋಗಿಯೊಬ್ಬರ ತೋಟ, ಚಳಿಗಾಲದ ಭಾನುವಾರ, ಮರಗಳ ತುಂಬ ಹಣ್ಣು. ಹೋದ ಕೂಡಲೆ ಸೆರಗು ಸಿಕ್ಕಿಸಿಕೊಂಡು ಅಡುಗೆ ಎಲ್ಲಿ ಎಂದು ಹುಡುಕಿದೆ. ಕಾಕೂ ನನ್ನ ಕೈ ಹಿಡಿದು ಮರದ ನೆರಳಿಗೆ ಕರೆದೊಯ್ದು ಕೂರಿಸಿದರು. ರೋಡಗೆ ಊಟದ ದಿನ ಬೆಂಕಿಯ ಹತ್ತಿರ ಗಂಡಸರದೇ ರಾಜ್ಯವಂತೆ. ಗೋದಿಯನ್ನು ತುಸು ದಪ್ಪಗೆ ಬೀಸಿ, ಉಪ್ಪು, ಎಣ್ಣೆ ಹಾಕಿ ಗಟ್ಟಿ ಕಣಕ ಕಲಸಿಟ್ಟಿದ್ದರು. ಎಣ್ಣೆ ಸವರಿದ ಪದರದೊಳಗೆ ಪದರ ಇಟ್ಟು ಉಂಡೆ ಕಟ್ಟುವುದು ಒಬ್ಬರ ಕೆಲಸ. ಸೆಗಣಿಯ ಕುಳ್ಳು ಒಟ್ಟಿ ಹಚ್ಚಿ, ಉರಿ ಆರಿ ಕೆಂಡವಾದ ಮೇಲೆ ಉಂಡೆಗಳನ್ನು ಬಿಸಿ ಬೂದಿಯಲ್ಲಿ ಹೂಳುವುದು ಇನ್ನೊಬ್ಬರದು. ಅಷ್ಟಾದರೆ ಮುಗಿಯಿತು. ಬೇಯುವಷ್ಟು ಹೊತ್ತು ಯಾರೂ ಯಾರ ಮುಂದೂ ಕೂರಬೇಕಾಗಿಲ್ಲ. ಒಂದು ದೊಡ್ಡ ಪಾತ್ರೆಯಲ್ಲಿ ಬದನೆಕಾಯಿ, ಆಲೂಗಡ್ಡೆ ಕುದಿಯುತ್ತಿತ್ತು, ಇನ್ನೊಂದರಲ್ಲಿ ತೊಗರಿಯ ವರಣ. ನಾವು ಹೆಂಗಸರು ಕಿತ್ತಳೆ ಸುಲಿಯುತ್ತ ಕೂತೆವು. ಬೂದಿ ಒರೆಸಿ, ಬಿರುಕು ಬಿಟ್ಟ ರೋಡಗೆಯನ್ನು ಕೈಯಲ್ಲಿ ಮುರಿದು, ಅದು ಕುಡಿಯುವಷ್ಟು ತುಪ್ಪ ಸುರಿದು ಗಂಡಸರೇ ತಂದು ಬಡಿಸಿದರು. ಹೊರಗೆ ಗರಿಗರಿ, ಒಳಗೆ ಪುಡಿಪುಡಿ, ಹೊಗೆಯ ಸಣ್ಣ ವಾಸನೆ. ವಿದರ್ಭದ ಊಟಗಳಲ್ಲಿ ನನ್ನ ನಾಲಿಗೆ ಮೊದಲ ಸ್ಥಾನ ಕೊಡುವುದು ಇದಕ್ಕೇ. ಇಷ್ಟಾದರೂ ಹೇಳಬೇಕು, ಆ ಗಂಡಸರು ಸೋಮವಾರ ಮನೆಯ ಒಲೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನಮ್ಮ ಎಳ್ಳಮಾವಾಸ್ಯೆಯ ಚರಗವೂ ಹೊಲದ ಊಟವೇ. ಸಜ್ಜೆ ರೊಟ್ಟಿ, ಕಡಬು, ಪುಂಡಿಪಲ್ಯ, ಎಣ್ಣೆಗಾಯಿ ಬುತ್ತಿ ಕಟ್ಟಿಕೊಂಡು ಬಂಡಿ ಹೂಡುತ್ತೇವೆ. ಹೊಲದಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ ನಿಜ, ಆದರೆ ಆ ಬುತ್ತಿಗಾಗಿ ಹೆಣ್ಣುಮಕ್ಕಳು ಹಿಂದಿನ ಎಷ್ಟು ರಾತ್ರಿ ನಿದ್ದೆಗೆಟ್ಟಿರುತ್ತಾರೆ ಎಂಬುದನ್ನು ಚರಗದ ಫೋಟೋಗಳು ಹೇಳುವುದಿಲ್ಲ.

ನಾಗಪುರದ ಇನ್ನೊಂದು ರೊಟ್ಟಿ ರೋಡಗೆಗೆ ತೀರಾ ವಿರುದ್ಧ. ಅದನ್ನು ಲಂಬಿ ರೋಟಿ ಅಂತಲೂ ಮಟಕಾ ರೋಟಿ ಅಂತಲೂ ಕರೆಯುತ್ತಾರೆ. ಲೋಕವಾನ ಗೋದಿಯ ಹಿಟ್ಟನ್ನು ಉಪ್ಪುನೀರು ಹಾಕಿ ಹಾಕಿ ನಾದಿ, ಎತ್ತಿ ಎತ್ತಿ ಬಡಿದು, ಹಗ್ಗದಂತೆ ಇಳಿಬೀಳುವಷ್ಟು ಸಡಿಲ ಮಾಡುತ್ತಾರೆ. ಒಂದು ಹಿಡಿ ತೆಗೆದು ಎರಡು ಅಂಗೈಗಳ ನಡುವೆ ಆಡಿಸುತ್ತ, ಮುಂಗೈಯ ಮೇಲೆ ಮೊಳಕೈತನಕ ಇಳಿಬಿಟ್ಟು, ಆಚೆ ಈಚೆ ತೂಗಿ, ಕಟ್ಟಿಗೆಯ ಉರಿಯ ಮೇಲೆ ಬೋರಲು ಹಾಕಿದ ಮಣ್ಣಿನ ಮಡಕೆಗೆ ಹೊದಿಸುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂದಿರುತ್ತದೆ. ಲಟ್ಟಣಿಗೆ ಇಲ್ಲ, ಮಣೆ ಇಲ್ಲ. ಮದುವೆ ಮನೆಯೊಂದರ ಹಿತ್ತಲಲ್ಲಿ ಮೊದಲ ಸಲ ನೋಡಿದಾಗ ನನಗೆ ಬೆಳಗಾವಿಯ ಮಂಡಿಗೆ ನೆನಪಾಯಿತು. ಅದೂ ಬೋರಲು ಪಾತ್ರೆಯ ಮೇಲೆ ಬೇಯುವಂಥದೇ. ಅಲ್ಲಿ ಸಕ್ಕರೆಯ ಹೂರಣ ತುಂಬಿ ಮಡಚಿ ಕೊಡುತ್ತಾರೆ. ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು ಎಂದು ನಾವು ಆಡಿಕೊಳ್ಳುತ್ತೇವಲ್ಲ, ಕೈಯಲ್ಲಿ ಮಾಡುವುದು ಅಷ್ಟು ಕಷ್ಟ ಎಂದೇ ಆ ಮಾತು ಹುಟ್ಟಿರಬೇಕು. ಮರಾಠಿ ಸೀಮೆಯಲ್ಲಿ ಇದಕ್ಕೊಂದು ಸಂತರ ಕತೆ ಇದೆ. ಮುಕ್ತಾಬಾಯಿಗೆ ಮಾಂಡೆ ಬೇಯಿಸಲು ಊರಲ್ಲಿ ಮಣ್ಣಿನ ಖಾಪರ ಸಿಗದಂತೆ ಮಾಡಿದಾಗ ಅಣ್ಣ ಜ್ಞಾನೇಶ್ವರ ತನ್ನ ಬೆನ್ನನ್ನೇ ಕಾಯಿಸಿಕೊಟ್ಟನಂತೆ. ರೊಟ್ಟಿ ಮಾಡುವ ತಂಗಿಯ ಜೋಡಿ ಒಲೆಯ ಕಡೆ ಬಂದು ಕೂತ ಅಣ್ಣ ಎಂಬ ಕಾರಣಕ್ಕೂ ಆ ಕತೆ ನನಗೆ ಇಷ್ಟ.

ಮದುವೆ ಮನೆಯ ಆ ರೊಟ್ಟಿ ಮಾಡುತ್ತಿದ್ದವರು ಕೂಲಿಗೆ ಬಂದ ಹೆಣ್ಣುಮಕ್ಕಳು. ಊಟದ ಪಂಗ್ತಿಗಳು ಮುಗಿಯುವತನಕ ಅವರು ಹೊಗೆ ಬಿಟ್ಟು ಏಳಲಿಲ್ಲ. ಈಗ ನಾಗಪುರದ ರಸ್ತೆಬದಿಯಲ್ಲೂ ಅಂಥ ಮಡಕೆಗಳು ಕಾಣುತ್ತವೆ. ಜನ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ, ಕೈಚಳಕಕ್ಕೆ ತಲೆದೂಗುತ್ತಾರೆ. ಕೈಚಳಕ ನಿಜ. ಮುಂಗೈಯ ಸುಟ್ಟ ಕಲೆಗಳೂ ನಿಜ.

ನಾಗಪುರದಲ್ಲಿ ನಾನು ಉಂಡ ಎಲ್ಲಕ್ಕಿಂತ ದೊಡ್ಡ ಊಟ ನನ್ನ ಮನೆಯದಲ್ಲ, ಕಾಕೂ ಮನೆಯದೂ ಅಲ್ಲ. ನಾವು ಆಮೇಲೆ ಬಾಡಿಗೆಗಿದ್ದ ಮನೆ ದೀಕ್ಷಾಭೂಮಿಯಿಂದ ನಡೆದು ಹೋಗುವಷ್ಟು ದೂರ. 1956ರ ಅಕ್ಟೋಬರ್ 14ರ ವಿಜಯದಶಮಿಯಂದು ಡಾ. ಬಾಬಾಸಾಹೇಬ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದ ಜಾಗ ಅದು. ವರ್ಷವರ್ಷವೂ ಆ ಹೊತ್ತಿಗೆ ಊರಿನ ರಸ್ತೆಗಳೆಲ್ಲ ಬಿಳಿ ಬಟ್ಟೆಯ ಜನರಿಂದ ತುಂಬುತ್ತವೆ. ಪುಸ್ತಕದ ಅಂಗಡಿಗಳ ಸಾಲೇ ಸಾಲು. ಜಾತ್ರೆಗೆ ಬಂದವರು ಬೆಂಡು ಬತ್ತಾಸಿನ ಬದಲು ಪುಸ್ತಕ ಕೊಳ್ಳುವುದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಆ ಜನರಲ್ಲಿ ಕಲಬುರಗಿ, ಬೀದರ, ವಿಜಾಪುರದವರೂ ಇರುತ್ತಾರೆ.

ಒಂದು ವರ್ಷ ನಮ್ಮ ಮನೆಯ ಗೇಟಿನ ಹತ್ತಿರ ನಿಂತಿದ್ದಾಗ ಫುಟ್‌ಪಾತಿನಿಂದ ಕನ್ನಡ ಕೇಳಿತು. “ಯಕ್ಕಾ, ಇಲ್ಲಿ ನೀರು ಎಲ್ಲಿ ಸಿಗತಾವ ಕೇಳಿ ನೋಡ.” ಸಿಂದಗಿ ಕಡೆಯ ಹೆಣ್ಣುಮಕ್ಕಳು. ನೀರು ಒಯ್ದು ಕೊಟ್ಟೆ, ನಮ್ಮ ಮಾತು ಕೇಳಿ ಅವರಿಗೂ ಹಿಗ್ಗು. ಗಂಟು ಬಿಚ್ಚುತ್ತಿದ್ದರು. ಒಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿಯಲ್ಲಿ ಕೆಂಪು ಖಾರ. ಒಳಗೆ ಬಂದು ಉಣ್ಣಿರಿ ಎಂದೆ. ಅವರಲ್ಲಿ ಹಿರಿಯಳು ನನ್ನ ಮುಖ ನೋಡಿ, “ನಮ್ಮ ಕೈಯಾಗಿನ ರೊಟ್ಟಿ ಉಣ್ತೀಯೇನವಾ?” ಎಂದು ಕೇಳಿದಳು. ಕೊಂಕಿಲ್ಲ, ಅಂಜಿಕೆಯೂ ಇಲ್ಲ. ಸುಮ್ಮನೆ ತಿಳಿದುಕೊಳ್ಳಬೇಕಿತ್ತು ಆಕೆಗೆ. ನಮ್ಮ ಊರಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ, ಉತ್ತರ ಎಲ್ಲರಿಗೂ ಗೊತ್ತಿತ್ತು. ನಮ್ಮ ಹೊಲದ ಜೋಳ ಕೊಯ್ದವರು ಅವರ ಓಣಿಯವರು, ಕೇರಿ ತೂರಿ ಚೀಲ ತುಂಬಿ ಕೊಟ್ಟವರೂ ಅವರೇ. ಅದೇ ಜೋಳ ಅವರ ಒಲೆಯ ಮೇಲೆ ರೊಟ್ಟಿಯಾದ ಕೂಡಲೆ ನಮಗೆ ಬಾರದಂತಾಗುತ್ತಿತ್ತು. ದಾಸೋಹದ ಮಾತಾಡುವ ಮನೆತನ ನಮ್ಮದು.

ನಾನು ಅವರ ನಡುವೆ ಫುಟ್‌ಪಾತಿನ ಮೇಲೆಯೇ ಕೂತೆ. ರೊಟ್ಟಿ ಹಪ್ಪಳದಷ್ಟು ತೆಳು, ಒಂದು ಕಡೆಯೂ ಸುಟ್ಟಿಲ್ಲ, ಎಲ್ಲೂ ಹಸಿ ಉಳಿದಿಲ್ಲ. ಊರು ಬಿಟ್ಟು ಎರಡು ರಾತ್ರಿ ಕಳೆದಿದ್ದರೂ ಅಂದೇ ಬಡಿದಂತಿತ್ತು. ಅಲ್ಲಿ ಬಡಿಸುವವರು, ಉಣ್ಣುವವರು ಎಂದು ಬೇರೆಬೇರೆ ಇರಲಿಲ್ಲ. ಗಂಟು ನಡುವೆ, ಸುತ್ತ ಎಲ್ಲರೂ. ಬಡಿದವರೇ ಮುರಿದು ಹಂಚಿ ಮೊದಲ ತುತ್ತು ತಾವೂ ಉಂಡರು. ಮನೆಗೆ ಬಂದು ಅತ್ತಿಗೆ ಹೇಳಿದೆ, ಏನಂತಾರೋ ಎಂದು ಸ್ವಲ್ಪ ಎದೆ ಗಟ್ಟಿ ಮಾಡಿಕೊಂಡೇ ಹೇಳಿದೆ. ಅತ್ತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, “ರೊಟ್ಟಿ ಹೆಂಗಿದ್ವು?”

“ನಿಮ್ಮ ರೊಟ್ಟಿಗಿಂತ ತೆಳ್ಳಗಿದ್ವು ಅತ್ತಿ.”

“ಮತ್ತ ನನಗ್ಯಾಕ ಎರಡು ತರಲಿಲ್ಲ?” ಎಂದರು. ಮರುವರ್ಷದ ವಿಜಯದಶಮಿಗೆ ಅವರೇ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು, ನೀರಿನ ಹಂಡೆ ಇಟ್ಟುಕೊಂಡು, ಕನ್ನಡ ಮಾತು ಕೇಳಿದ ಕಡೆಗೆಲ್ಲ ಕೈ ಮಾಡುತ್ತ ಕೂತಿದ್ದರು.

ಅತ್ತಿ ಈಗಿಲ್ಲ. ವಿದರ್ಭದ ಜೋಳದ ಹೊಲಗಳೂ ಬಹುಪಾಲು ಇಲ್ಲ, ನಾವು ನೋಡುನೋಡುತ್ತಿದ್ದಂತೆ ಸೋಯಾಬೀನ್ ಆದವು. ಮಹಾರಾಷ್ಟ್ರ ಸರಕಾರ 1995ರಲ್ಲಿ ಒಂದು ರೂಪಾಯಿಗೆ ಝುಣಕ-ಭಾಕರಿ ಕೊಡುವ ಕೇಂದ್ರಗಳನ್ನು ತೆರೆದಾಗ ನಾಗಪುರದಲ್ಲೂ ಜನ ಸಾಲುಗಟ್ಟಿದ್ದರು. ಆ ಅಂಗಡಿಗಳು ಆಮೇಲೆ ಬೇರೆ ಏನೇನೋ ಮಾರತೊಡಗಿದವು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು, ಬಡವರ ಜೋಳ ದೊಡ್ಡ ಹೋಟೆಲಿನ ತಾಟಿಗೆ ಏರಿತು. ಕಲಬುರಗಿಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಡಿದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಹೊತ್ತು ಪೊಟ್ಟಣದಲ್ಲಿ ಊರೂರಿಗೆ ಹೋಗುತ್ತಿದೆ. ಬಡಿದವಳ ಕೈಗೆ ದುಡ್ಡು ಬರುತ್ತದೆ. ಇದು ನನಗೆ ಎಲ್ಲ ಸಿರಿಧಾನ್ಯ ಮೇಳಗಳಿಗಿಂತ ದೊಡ್ಡ ಸುದ್ದಿ.

2020ರ ಲಾಕ್‌ಡೌನಿನಲ್ಲಿ ಸೊಸೆ ಮನೆಯಲ್ಲೇ ಬ್ರೆಡ್ ಮಾಡಲು ಕಲಿತಳು. ಹಿಟ್ಟು, ಯೀಸ್ಟ್, ಉಪ್ಪು, ನೀರು ಕಲಸಿ ಮುಚ್ಚಿಟ್ಟು ಮಲಗುತ್ತಾಳೆ. ಮುಂಜಾನೆ ಎದ್ದು ಓವನ್ನಿಗೆ ಸರಿಸಿ, ಬಾಗಿಲು ಮುಚ್ಚಿ, ಚಹಾ ಹಿಡಿದು ನಮ್ಮ ಜೋಡಿ ಬಂದು ಕೂರುತ್ತಾಳೆ. ನೆಂಟರು ಬಂದ ದಿನ ಟೊಮೆಟೊ ಸಾರಿನ ಜೋಡಿ ಅದನ್ನೇ ಕೊಯ್ದಿಡುತ್ತಾಳೆ. “ನಿಮ್ಮ ಸೊಸಿ ಬ್ರೆಡ್ ಊಟಕ್ಕ ಹಾಕತಾಳ” ಎಂದು ನಮ್ಮ ಕಡೆಯ ಒಬ್ಬರು ಮೂಗು ಮುರಿದರು. ನನಗೆ ಬ್ರೆಡ್ಡಿನ ರುಚಿ ಅಷ್ಟಕ್ಕಷ್ಟೇ, ಜೋಳ ಬೇಡುವ ನಾಲಿಗೆ ಇದು. ಆದರೆ ಆಕೆ ಎಲ್ಲರ ಜೋಡಿ ಕೂತು ಉಣ್ಣುತ್ತಾಳೆ, ಮಾತಿನಲ್ಲಿ ಬಾಯಿ ಹಾಕುತ್ತಾಳೆ, ನಗುತ್ತಾಳೆ. ಆದ್ದರಿಂದ ನನ್ನ ಓಟು ಆ ಬ್ರೆಡ್ಡಿಗೇ.

ಮನೆಗೆ ಜನ ಬರುವವರಿದ್ದರೆ ಎರಡು ದಿನ ಮೊದಲೇ ಜೋಳ ಬೀಸಿಸಿ ಖಡಕ್ ರೊಟ್ಟಿ ಬಡಿದಿಡಿ. ಬಡಿಯಲು ಬಾರದಿದ್ದರೆ ಬಡಿಯುವವರಿಂದ ಒಳ್ಳೆಯ ಬೆಲೆ ಕೊಟ್ಟು ತನ್ನಿ. ಬಿಸಿ ರೊಟ್ಟಿಯೇ ಬೇಕು ಎನ್ನುವವರು ಯಾರಾದರೂ ಇದ್ದರೆ, ಹಿಟ್ಟು ನಾದಿಟ್ಟು ಅವರನ್ನು ಒಳಗೆ ಕರೆಯಿರಿ.